ಅರ್ಧ ಮೈಲಿ ಮಾತು

ನಮ್ಮೂರಿಗೆ ಹೆಣ್ಣು ನೋಡಲು ಬರುವವರು ಹುಡುಗಿಯ ಬಣ್ಣ, ಓದು, ಅಡುಗೆ ಯಾವುದನ್ನೂ ಮೊದಲು ಕೇಳುವುದಿಲ್ಲ. ಮನೆಯಲ್ಲಿ ವಯಸ್ಸಾದವರು ಎಷ್ಟು ಜನ, ಅವರ ತಡ ಎಷ್ಟು ಎಂದು ಕೇಳುತ್ತಾರೆ. ಕೇಳಲೇಬೇಕು. ನಮ್ಮಲ್ಲಿ ಎಪ್ಪತ್ತು ದಾಟಿದವರ ಮಾತು ಆಡಿದ ಕೂಡಲೇ ಕೇಳಿಸುವುದಿಲ್ಲ. ತುಟಿ ಈಗ ಆಡುತ್ತದೆ, ದನಿ ಆಮೇಲೆ ಬರುತ್ತದೆ. ಎಪ್ಪತ್ತರಲ್ಲಿ ಐದೋ ಹತ್ತೋ ನಿಮಿಷ, ಎಂಬತ್ತಕ್ಕೆ ನಾಲ್ಕು ತಾಸು, ಹಾಗೇ ಬೆಳೆಯುತ್ತ ಹೋಗುತ್ತದೆ. ಅದೂ ಅವರು ಹೋದಲ್ಲಿಗೆ ಹಿಂಬಾಲಿಸಿಕೊಂಡು ಬರುವ ದನಿಯಲ್ಲ. ಎಲ್ಲಿ ನಿಂತು ಆಡಿದ್ದರೋ ಅದೇ ಜಾಗದಲ್ಲಿ, ಬಾಯಿ ಇದ್ದ ಅದೇ ಎತ್ತರದಲ್ಲಿ ಕೇಳಿಸುತ್ತದೆ. ಒಂದು ಸಲ ಕೇಳಿಸಿತೆಂದರೆ ಮುಗಿಯಿತು, ಮತ್ತೆ ಬರುವುದಿಲ್ಲ.

ಹೊರಗಿನವರಿಗೆ ಇದು ಗಾಬರಿ. ನಮಗೇನು, ಹುಟ್ಟಿದಾಗಿನಿಂದ ನೋಡಿದ್ದೇವೆ. ಮಧ್ಯಾಹ್ನದ ಬಿಸಿಲಲ್ಲಿ ಸಂತೆಯ ಕಟ್ಟೆಯ ಮುಂದೆ ಯಾರೂ ಇಲ್ಲದ ಕಡೆಯಿಂದ "ಬದನಿಕಾಯಿ ತುಂಬ ಹುಳ ಅದಾವಲ್ಲಬೇ, ಕಣ್ಣು ಮುಚ್ಚಿ ಹರಕೊಂಡ ಬಂದೀಯೇನು?" ಎಂದು ಬೈಗುಳ ಕೇಳಿದರೆ, ಯಾವುದೋ ಮುತ್ಯಾನ ಬೆಳಗಿನ ಚೌಕಾಸಿ ನಡೆದಿದೆ ಎಂದು ಪಕ್ಕಕ್ಕೆ ಸರಿದು ಹೋಗುತ್ತೇವೆ. ಮದುವೆಯಲ್ಲಿ ಹಿರಿಯರ ಆಶೀರ್ವಾದ ಬೇಕೆಂದರೆ ಮುಹೂರ್ತಕ್ಕೆ ನಾಲ್ಕೈದು ತಾಸು ಮೊದಲೇ ಖಾಲಿ ಹಂದರದಲ್ಲಿ ಕೂರಿಸಿ ಹೇಳಿಸಿಬಿಡುತ್ತೇವೆ. ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ "ನೂರು ವರ್ಷ ಬಾಳ್ರಿ" ಎಂದು ದನಿ ಬರುತ್ತದೆ. ಅಷ್ಟರಲ್ಲಿ ಆ ಹಿರಿಯರು ಊಟ ಮುಗಿಸಿ ಮನೆಯಲ್ಲಿ ಗೊರಕೆ ಹೊಡೆಯುತ್ತಿರುತ್ತಾರೆ.

ತೊಂದರೆ ಇರುವುದು ಒಂಟಿ ಮುದುಕರದು. ಬೆಳಿಗ್ಗೆ "ಎದಿ ನೋಯಾಕತ್ತೈತಿ" ಎಂದದ್ದು ಸಂಜೆ ಕೇಳಿಸುವ ಹೊತ್ತಿಗೆ ಯಾರಾದರೂ ಅಲ್ಲಿ ಇರಬೇಕಲ್ಲ? ಅದಕ್ಕೇ ನಮ್ಮೂರಲ್ಲಿ ಕಾಯುವ ಸೇವೆ ಇದೆ. ಸೋಮವಾರ, ಗುರುವಾರ ಮಠದವರದು. ಮಂಗಳವಾರ, ಶುಕ್ರವಾರ ಚರ್ಚಿನವರದು. ಬುಧವಾರ, ಶನಿವಾರ ದರ್ಗಾದವರದು. ಭಾನುವಾರ ಮುದುಕರಿಗೆ ನಮ್ಮಿಂದ ಬಿಡುವು. ಬೆಳಿಗ್ಗೆ ಹೋಗಿ ನೀರು ಕಾಯಿಸಿ, ಮೀಯಿಸಿ, ಅಡುಗೆ ಮಾಡಿಟ್ಟು ಬರುವುದು. ಸಂಜೆ ಮತ್ತೆ ಹೋಗಿ, ಬೆಳಿಗ್ಗೆ ಅವರು ಎಲ್ಲೆಲ್ಲಿ ಕೂತು ಮಾತಾಡಿದ್ದರೋ ಅಲ್ಲಲ್ಲಿ ಕೂತು ಕೇಳಿಸಿಕೊಳ್ಳುವುದು. ಮಠದಲ್ಲಿ ಸೇವೆಗೆ ಹೆಸರು ಬರೆಸಿದ ದಿನ ಹಣೆಗೆ ವಿಭೂತಿ ಹಚ್ಚಿ ನಮ್ಮ ಶಿವಗಂಗಾ ಅಕ್ಕೋರು ಹೇಳಿಕೊಡುವುದು ಒಂದೇ ಮಾತು: "ನಿನ್ನ ಬಾಯಿ ಹೊರಗಿಟ್ಟು ಒಳಗ ಹೋಗು." ಅಕ್ಕೋರು ಮೂವತ್ತೆರಡು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದವರು, ಈಗ ಇಡೀ ಊರಿನ ಸೇವೆಗೆ ಅವರೇ ಹಿರಿಯರು. ಅವರ ಎದುರು ಎರಡನೇ ಮಾತಿಲ್ಲ.

ನಾನು ದಾನಮ್ಮ. ನಲವತ್ತಾರು ವಯಸ್ಸು, ಮನೆಯಲ್ಲಿ ಒಬ್ಬಳೇ, ಜಂಪರು ಹೊಲಿದು ಬದುಕುವವಳು. ನನ್ನ ಪಾಲಿಗೆ ಬಂದ ಮನೆ ಗುರಸಿದ್ದವ್ವನದು. ಎಂಬತ್ತೆಂಟು ವರ್ಷ, ತಡ ಎಂಟು ತಾಸು ಹನ್ನೆರಡು ನಿಮಿಷ. ಊರೆಲ್ಲ ಆಕೆಯನ್ನು ಆಯಿ ಎನ್ನುತ್ತಿತ್ತು. ನಾಲ್ಕು ವರ್ಷ ಆಯಿಯ ಮಾತು ಕಾದೆ. ಏನು ಮಾತು ಅಂತೀರಿ! ಬೆಳಿಗ್ಗೆ ನಾನು ತಟ್ಟೆ ಇಟ್ಟಾಗ ಆಯಿ ತುಟಿ ಅಲ್ಲಾಡಿಸುತ್ತ ನನ್ನನ್ನು ನೋಡುತ್ತಿದ್ದಳು. ನಾನು ನಗುತ್ತಿದ್ದೆ. ಸಂಜೆ ಅದೇ ಜಾಗದಲ್ಲಿ ಕೂತರೆ ಬರುತ್ತಿತ್ತು: "ದಾನೀ, ಸಾರಿಗೆ ಉಪ್ಪು ಹಾಕೀಯೋ, ಇಲ್ಲಾ ದೇವರ ಮ್ಯಾಲ ಬಿಟ್ಟೀಯೋ? ನಗತಾಳ ನೋಡು ಮ್ಯಾಲ." ಮುದುಕರಿಗೆ ಕಿವಿಯ ತಡ ಇಲ್ಲ, ನಾವು ಆಡಿದ್ದು ಆಗಲೇ ಕೇಳಿಸುತ್ತದೆ. ಆದರೆ ನಾನು "ಹೂಂ ಆಯಿ", "ಆತು ಆಯಿ", "ಏನಿಲ್ಲ ಆಯಿ" ಬಿಟ್ಟರೆ ಬೇರೇನೂ ಆಡಿದವಳಲ್ಲ. ಬಾಯಿ ಹೊರಗಿಟ್ಟು ಹೋದವಳು ನಾನು.

ಇಲ್ಲಿ ಒಂದು ಪದ್ಧತಿ ಹೇಳಲೇಬೇಕು. ವಯಸ್ಸಾದವರು ತಮ್ಮ ಬಾಯಿಂದಲೇ ಒಬ್ಬರ ಹೆಸರು ಹೇಳಿ ಅವರನ್ನು ತಮ್ಮ 'ಕಿವಿ' ಮಾಡಿಕೊಳ್ಳುತ್ತಾರೆ. ಹೇಳಿದ್ದನ್ನು ಯಾರಾದರೂ ಕೇಳಿರಬೇಕು. ಕೈಸನ್ನೆ, ತಲೆಯಾಡಿಸುವುದು ನಡೆಯುವುದಿಲ್ಲ. ಕಿವಿಯಾದವರು ಆ ದಿನದಿಂದ ಅವರ ಜೊತೆ ಒಂದೇ ಸೂರಿನಡಿ ಇದ್ದು ಕೊನೆಯವರೆಗೆ ನೋಡಿಕೊಳ್ಳಬೇಕು. ಉಸಿರು ನಿಂತ ಮೇಲೂ ಕೆಲವು ತಾಸು ಮಾತು ಬರುತ್ತಲೇ ಇರುತ್ತದಲ್ಲ, ಅದನ್ನು ಕೂತು ಕೇಳುವವರೂ ಅವರೇ. ಕಿವಿ ಹೆಸರಿಸದೆ ಬಾಯಿ ಬಿದ್ದುಹೋದವರನ್ನು ಗುಡ್ಡದ ಮೇಲಿನ ದೊಡ್ಡ ಪಡಸಾಲೆಗೆ ಒಯ್ಯುತ್ತಾರೆ. ಅಲ್ಲಿ ಮೂವತ್ತು ಮಂಚ, ದಿನಕ್ಕೊಂದು ತಂಡ. ಸ್ವಚ್ಛ ಜಾಗ, ಒಳ್ಳೇ ಊಟ. ಆದರೆ ಅಲ್ಲಿ ಯಾರೂ ಯಾರವರೂ ಅಲ್ಲ.

ನನಗೆ ಆಯಿಯ ಕಿವಿಯಾಗಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಹಸಿದವರಿಗೆ ಅನ್ನ ಬೇಕಾಗುವ ಹಾಗೆ ಬೇಕಿತ್ತು. ಇದೇ ಆಸೆ ಚರ್ಚಿನ ಯೂನಿಸಮ್ಮನಿಗೂ ಇತ್ತು. ಆಕೆ ಶುಕ್ರವಾರದ ತಂಡದ ಮುಂದಾಳು, ದೊಡ್ಡ ಮೈ, ದೊಡ್ಡ ನಗು. ಬರುವಾಗ ಕೈಯಲ್ಲಿ ತಾನೇ ಬೇಯಿಸಿದ ಮೆತ್ತನೆ ಬನ್ನು. ಸೋಮವಾರ ಸಂಜೆ ನಾನು ಹೋದರೆ ಆಯಿಯ ದನಿ: "ಯೂನಿಸಮ್ಮನ ಬನ್ನು ತಿಂದ್ರ ಹಲ್ಲಿಲ್ಲದ ಬಾಯಿಗೂ ಹಬ್ಬ." ಬೇಕೆಂದೇ ಹೇಳುತ್ತಿದ್ದಳು! ಹೊಟ್ಟೆಯಲ್ಲಿ ಕಿಚ್ಚು ಬೀಳುತ್ತಿತ್ತು ನನಗೆ. ಹೆಸರು ಹೇಳು ಆಯಿ ಎಂದು ಅಕ್ಕೋರು ವರ್ಷಕ್ಕೆ ಎರಡು ಸಲ ಕೇಳುತ್ತಿದ್ದರು. ಆಯಿಯದು ಒಂದೇ ಉತ್ತರ: "ಏನ್ ಅವಸರ? ನಾ ಎಲ್ಲಿ ಓಡಿ ಹೊಂಟೇನಿ?"

ಆ ಗುರುವಾರ ಬೆಳಿಗ್ಗೆ ಚಹಾ ಕೊಟ್ಟೆ. ಬಟ್ಟಲು ಆಯಿಯ ಬಲಗೈಯಿಂದ ಜಾರಿ ಬಿತ್ತು. ಎತ್ತಿಕೊಳ್ಳಲು ಹೋದರೆ ಆಕೆಯ ಕೈ ಮೇಲೇಳಲಿಲ್ಲ. ನಾನು ಬೀದಿಗೆ ಓಡಿ ಕೂಗಿದೆ. ದೇವರು ದೊಡ್ಡವನು, ಮಠದ ಬುತ್ತಿ ಹಂಚುವ ಟೆಂಪೋ ತಿರುವಿನಲ್ಲೇ ಇತ್ತು. ಅದನ್ನು ಓಡಿಸುವವನು ದರ್ಗಾ ಓಣಿಯ ಮಾಬೂಸಾಬ. ಇಬ್ಬರೂ ಸೇರಿ ಆಯಿಯನ್ನು ಹಿಂದೆ ಮಲಗಿಸಿದೆವು, ತಲೆ ನನ್ನ ತೊಡೆಯ ಮೇಲೆ. ಹಿಟ್ಟಿನ ಗಿರಣಿ ದಾಟುವಾಗ ಶಾಲೆಯ ಒಂಬತ್ತೂವರೆಯ ಗಂಟೆ ಹೊಡೆಯುತ್ತಿತ್ತು. ಆಗ ನೋಡುತ್ತೇನೆ, ಆಯಿಯ ತುಟಿ ಆಡುತ್ತಿದೆ! "ಬ್ಯಾಡ ಆಯಿ!" ಎಂದು ಚೀರಿದೆ.

ಯಾಕೆಂದರೆ ಓಡುವ ಗಾಡಿಯಲ್ಲಿ ಆಡಿದ ಮಾತು ದಾರಿಯುದ್ದಕ್ಕೂ ಚೆಲ್ಲಿಹೋಗುತ್ತದೆ. ಒಂದೊಂದು ಪದ ಒಂದೊಂದು ಕಡೆ. ಅದಕ್ಕೇ ನಮ್ಮ ಸೇವೆಯ ಮೊದಲ ಪಾಠ: ವಯಸ್ಸಾದವರನ್ನು ಗಾಡಿ ಹತ್ತಿಸುವ ಮೊದಲು ಬಾಯಲ್ಲಿ ಒಂದು ಹರಳು ಕಲ್ಲುಸಕ್ಕರೆ ಇಡು, ಚೀಪುತ್ತ ಸುಮ್ಮನಿರುತ್ತಾರೆ. ಕಲ್ಲುಸಕ್ಕರೆಯ ಡಬ್ಬಿ ನನ್ನ ಚೀಲದಲ್ಲೇ ಇತ್ತು. ಚೀಲ ಆಯಿಯ ಮನೆಯ ಗೂಟದಲ್ಲಿ ತೂಗುತ್ತಿತ್ತು. "ಸುಮ್ಮನಿರು ಆಯಿ, ಆಮ್ಯಾಲ ಮಾತಾಡು" ಎಂದು ನಾನು ಅಳುತ್ತಿದ್ದೆ. ಆಯಿ ನನ್ನ ಮುಖವನ್ನೇ ನೋಡುತ್ತ ತುಟಿ ಆಡಿಸುತ್ತಲೇ ಇದ್ದಳು. ನೀರಿನ ಟಾಕಿಯ ಹತ್ತಿರ ಬಂದಾಗ ಬಾಯಿ ಒಂದು ಪಕ್ಕಕ್ಕೆ ವಾಲಿತು. ತುಟಿ ನಿಂತಿತು.

ಆಸ್ಪತ್ರೆಯಲ್ಲಿ ಡಾಕ್ಟರು ಒಂದು ತಾಸು ಒಳಗಿದ್ದು ಹೊರಗೆ ಬಂದರು. "ಜೀವಕ್ಕ ಭಯ ಇಲ್ಲ" ಎಂದರು. "ಆದರ ಮಾತು ಹೋತು. ಈ ವಯಸ್ಸಿನಾಗ ತಿರುಗಿ ಬರೂದು ಕಷ್ಟ. ಬಾಯಾಗ ಏನೂ ಹಾಕಲಿಲ್ಲಲ್ಲ ನೀವು? ಹಾಕಿದ್ರ ಉಸಿರು ಕಟ್ಟಿ ಅಲ್ಲೇ ಹೋಗತಿದ್ರು."

ನಾನು ಗೋಡೆ ಹಿಡಿದು ಕೂತೆ. ಅಷ್ಟರಲ್ಲಿ ಅಕ್ಕೋರು ಬಂದರು. ಕೊಡೆ ಗೋಡೆಗೆ ಒರಗಿಸಿ, ಎಲ್ಲ ಕೇಳಿಕೊಂಡು, ಕನ್ನಡಕ ಒರೆಸಿಕೊಂಡರು. "ಕಿವಿ ಹೆಸರಿಸಿಲ್ಲ. ಬಾಯಿ ಹೋತು. ಭಾನುವಾರ ಗುಡ್ಡದಿಂದ ಗಾಡಿ ಬರತದ, ದಾನಮ್ಮ. ನನ್ನ ಕೈಯಾಗ ಏನೂ ಇಲ್ಲ."

"ಅಕ್ಕೋರ, ಆಯಿ ಮಾತಾಡ್ಯಾಳ್ರೀ!" ನಾನು ಎದ್ದು ನಿಂತೆ. "ಗಿರಣಿಯಿಂದ ಟಾಕೀತನಕ ಮಾತಾಡ್ಯಾಳ. ನನ್ನ ಮಾರಿ ನೋಡಕೊಂತ ಮಾತಾಡ್ಯಾಳ. ಹೆಸರು ಹೇಳಿದ್ರೂ ಹೇಳಿರಬೇಕಲ್ರೀ?"

"ಗಾಡಿಯಾಗೇನು? ಕಲ್ಲುಸಕ್ಕರಿ ಕೊಡಲಿಲ್ಲೇನು?"

"ಮರತೆ ರೀ."

ಅಕ್ಕೋರು ನನ್ನನ್ನು ಬೈಯಲು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ಇತ್ತು. ಆಮೇಲೆ ಬೆರಳು ಮಡಚಿ ಲೆಕ್ಕ ಹಾಕತೊಡಗಿದರು. ಒಂಬತ್ತೂವರೆಗೆ ಎಂಟು ತಾಸು ಹನ್ನೆರಡು ನಿಮಿಷ ಕೂಡಿಸಿದರೆ ಐದು ನಲವತ್ತೆರಡು. ಆದರೆ ತಡ ಅಳೆದದ್ದು ಅಮಾವಾಸ್ಯೆಯ ದಿನ, ಅಲ್ಲಿಂದ ಇನ್ನೂ ಒಂದೆರಡು ನಿಮಿಷ ಬೆಳೆದಿರುತ್ತದೆ. ಗಿರಣಿಯಿಂದ ಟಾಕಿಗೆ ಅರ್ಧ ಮೈಲಿ. "ಹತ್ತು ಹೆಜ್ಜಿಗೆ ಒಬ್ಬರು ನಿಂತ್ರ," ಎಂದರು, "ಒಬ್ಬೊಬ್ಬರಿಗೆ ಎರಡೋ ಮೂರೋ ಪದ ಸಿಗತಾವು. ನೂರಾ ಹತ್ತು ಮಂದಿ ಬೇಕು."

ಮಾಬೂಸಾಬ ಟೆಂಪೋ ಮತ್ತೆ ಅದೇ ವೇಗದಲ್ಲಿ ಓಡಿಸುತ್ತೇನೆ, ಹಿಂದೆ ಕೂತು ಎಲ್ಲ ಕೇಳಿಸಿಕೊಳ್ಳಿ ಎಂದ. "ಯಾವ ಸೆಕೆಂಡಿಗೆ ಹೊರಡ್ತೀಯಪಾ?" ಎಂದರು ಅಕ್ಕೋರು. "ಚೂರು ಮೊದಲು ಹೊರಟ್ರ ಮಾತು ಹಿಂದ ಉಳೀತದ, ಚೂರು ತಡ ಆದ್ರ ಮುಂದ ಹೋಗತದ. ಮ್ಯಾಲ ನಿನ್ನ ಗಾಡಿ ಸಪ್ಪಳದಾಗ ಸತ್ತವರೂ ಎದ್ದು ಕೂಡ್ತಾರ." ಅವನು ತಲೆ ಕೆರೆದುಕೊಂಡ. "ಹಂಗಾರ ನಮ್ಮ ದರ್ಗಾದಾಗಿಂದ ಮೂವತ್ತು ಮಂದಿ ನನ್ನ ಜವಾಬ್ದಾರಿ" ಎಂದವನೇ ಓಡಿದ.

ಮಠದಿಂದ ನಲವತ್ತೊಂದು ಜನ ಸಿಕ್ಕರು. ಇನ್ನು ಉಳಿದದ್ದು ಚರ್ಚು. ಅಕ್ಕೋರು ನನ್ನ ಕಡೆ ನೋಡಿದರು. "ನೀನಽ ಹೋಗಿ ಕೇಳು."

ಕಾಲೆಳೆದುಕೊಂಡು ಹೋದೆ. ಯೂನಿಸಮ್ಮ ಹಿತ್ತಲಲ್ಲಿ ಹಿಟ್ಟು ನಾದುತ್ತಿದ್ದಳು. ಆಯಿಯ ಸುದ್ದಿ ಕೇಳಿ ಹಿಟ್ಟಿನ ಕೈಯನ್ನೇ ಎದೆಗೆ ಒತ್ತಿಕೊಂಡಳು. ನಾನು ವಿಷಯ ಹೇಳಿದೆ.

"ಅಲ್ಲಾ ದಾನಮ್ಮ, ದಾರಿಯಾಗ ನನ್ನ ಹೆಸರು ಬಂತಂದ್ರ?"

"ಬಂದ್ರ ಬರಲಿ" ಎಂದೆ. "ಗುಡ್ಡಕ್ಕ ಹೋಗೂದಕ್ಕಿಂತ ಚೊಲೊ. ನಿಮ್ಮ ಮನ್ಯಾಗ ಬನ್ನರೆ ಸಿಗತಾವು ಆಕೀಗೆ."

ಯೂನಿಸಮ್ಮ ನನ್ನನ್ನು ಒಮ್ಮೆ ನೋಡಿದಳು. ಕೈ ತೊಳೆದಳೋ ಇಲ್ಲವೋ, ಸೆರಗು ಸಿಕ್ಕಿಸಿಕೊಂಡು ಹೋಗಿ ಚರ್ಚಿನ ಗಂಟೆ ಹಗ್ಗ ಜಗ್ಗಿದಳು. ಅರ್ಧ ತಾಸಿನಲ್ಲಿ ಮೂವತ್ತೊಂಬತ್ತು ಜನ ಕೂಡಿದರು.

ಐದು ಗಂಟೆಗೆ ಆ ದಾರಿ ನೋಡಬೇಕಿತ್ತು ನೀವು! ಜಾತ್ರೆಗೂ ಅಷ್ಟು ಜನ ಅಷ್ಟು ಶಿಸ್ತಿನಿಂದ ನಿಂತದ್ದನ್ನು ನಾನು ಕಂಡಿಲ್ಲ. ಅಕ್ಕೋರು ಶಾಲೆಯ ಹಾಜರಿ ಪುಸ್ತಕ ಹಿಡಿದು ಒಂದರಿಂದ ನೂರಾ ಹತ್ತರ ತನಕ ಚೀಟಿ ಹಂಚಿದರು. ಒಬ್ಬರು ವಿಭೂತಿಯವರು, ಪಕ್ಕದಲ್ಲಿ ಒಬ್ಬರು ಟೋಪಿಯವರು, ಅವರ ಪಕ್ಕ ಕೊರಳಲ್ಲಿ ಶಿಲುಬೆಯವರು, ಗಾಡಿ ಹೋದ ದಾರಿಯ ನಟ್ಟನಡುವೆ ಒಂದೇ ಸಾಲು. ಗಿರಣಿಯವನಿಗೆ ಒಂದನೇ ನಂಬರು, ಗಿರಣಿ ಬಂದ್ ಮಾಡಿ ಮೈತುಂಬ ಹಿಟ್ಟು ಹಚ್ಚಿಕೊಂಡೇ ಬಂದ. ನನಗೆ ಐವತ್ನಾಲ್ಕು. ಯೂನಿಸಮ್ಮನಿಗೆ ತೊಂಬತ್ತೆರಡು. "ನಿಮ್ಮ ಪಾಲಿಗೆ ಬಂದದ್ದನ್ನಷ್ಟೇ ನೆನಪಿಡ್ರಿ," ಎಂದು ಅಕ್ಕೋರು ಸಾಲಿನ ಉದ್ದಕ್ಕೂ ಕೂಗಿಕೊಂಡು ಬಂದರು. "ಬಗ್ಗಿ ನಿಂದರ್ರಿ, ಆಯಿ ಮಲಗಿದ್ಲು, ದನಿ ಸೊಂಟದ ಎತ್ತರಕ್ಕ ಬರತದ. ಸೀಟಿ ಊದೂತನಕ ಯಾರೂ ಜಾಗಾ ಬಿಡಬ್ಯಾಡ್ರಿ. ಕೆಮ್ಮು ಇದ್ದವರು ಈಗಽ ಕೆಮ್ಮಿಬಿಡ್ರಿ!"

ನೂರಾ ಹತ್ತು ಜನ ಒಟ್ಟಿಗೆ ಕೆಮ್ಮಿದರು. ಮರದ ಕಾಗೆಗಳೆಲ್ಲ ಎದ್ದು ಹೋದವು, ಅದೂ ಒಳ್ಳೆಯದೇ ಆಯಿತು.

ಐದೂ ನಲವತ್ತಕ್ಕೆ ಸರಿಯಾಗಿ ಪರವೂರಿನ ಬಸ್ಸು ಬಂತು. ಮಾಬೂಸಾಬ ಎರಡೂ ಕೈ ಎತ್ತಿ ಅದರ ಮುಂದೆ ನಿಂತ. ಕಂಡಕ್ಟರು ಇಳಿದು ಬೈಯಲು ಶುರುಮಾಡಿದ. ಯಾರೋ ಕಿವಿಯಲ್ಲಿ ಏನೋ ಹೇಳಿದರು. ಅವನು ಓಡಿ ಹೋಗಿ ಎಂಜಿನ್ ಬಂದ್ ಮಾಡಿಸಿ, ಪ್ರಯಾಣಿಕರಿಗೆಲ್ಲ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಇಡೀ ಬಸ್ಸು ಕಿಟಕಿಯಿಂದ ತಲೆ ಹೊರಗೆ ಹಾಕಿ ಉಸಿರು ಹಿಡಿದು ಕೂತಿತು.

ನಲವತ್ತೆರಡು. ಏನೂ ಇಲ್ಲ. ನಲವತ್ನಾಲ್ಕು. ಏನೂ ಇಲ್ಲ. ನನ್ನ ಸೊಂಟ ನೋಯುತ್ತಿತ್ತು. ಕೈಯಲ್ಲಿ ಲಿಂಗ ಹಿಡಿದು ಶಿವನೇ ಶಿವನೇ ಎನ್ನುತ್ತಿದ್ದೆ. ಪಕ್ಕದವರ ಬೆರಳು ಜಪಮಣಿಯ ಮೇಲೆ ಓಡುತ್ತಿತ್ತು. ನಲವತ್ತಾರಾಯಿತು. ಆಗ ದೂರದಲ್ಲಿ ಗಿರಣಿಯವನು ಥಟ್ಟನೆ ತಲೆ ಎತ್ತಿದ. ಅವನ ಪಕ್ಕದವರು ಎತ್ತಿದರು. ಅವರ ಪಕ್ಕದವರು. ಬಂತು! ಬಂತು! ಒಂದರ ಹಿಂದೆ ಒಂದು ತಲೆ ಏಳುತ್ತ ನನ್ನ ಕಡೆಗೇ ಓಡಿ ಬರುತ್ತಿತ್ತು. ಒಬ್ಬಾಕೆ ನಕ್ಕಳು, ತಕ್ಷಣ ಬಾಯಿ ಮುಚ್ಚಿಕೊಂಡಳು. ಒಬ್ಬರು ಕಣ್ಣೊರೆಸಿಕೊಂಡರು. ಏನು ಹೇಳುತ್ತಿದ್ದಾಳೆ, ಏನು ಹೇಳುತ್ತಿದ್ದಾಳೆ ಎಂದು ನಾನು ಇನ್ನೂ ಬಗ್ಗುತ್ತಿರುವಾಗಲೇ ನನ್ನ ಸೊಂಟದ ಹತ್ತಿರ ಆಯಿಯ ದನಿ, ಪಿಸುಮಾತಿನಷ್ಟು ಸಣ್ಣಗೆ, ಏದುಸಿರಿನ ನಡುವೆ: "ನಾಕು ವರ್ಷ ಆತಲ್ಲಾ." ಅಷ್ಟೇ. ಮುಂದಿನ ಮಾತು ಐವತ್ತೈದನೆಯವರ ಹತ್ತಿರ ಹೋಯಿತು. ಅದರ ಬೆನ್ನು ಹತ್ತಿ ಓಡಬೇಕೆಂದು ಕಾಲು ತುಡಿಯಿತು. ಹಲ್ಲು ಕಚ್ಚಿ ನಿಂತೆ.

ಅಕ್ಕೋರ ಸೀಟಿ ಕೇಳಿದ್ದೇ ತಡ, ಸಾಲು ಮುರಿಯಿತು. "ಗದ್ದಲ ಮಾಡಬ್ಯಾಡ್ರಿ! ಒಂದರಿಂದ ಶುರು!" ಅಕ್ಕೋರು ಹಾಜರಿ ಪುಸ್ತಕದಲ್ಲಿ ಬರೆದುಕೊಳ್ಳುತ್ತ ನಡೆದರು. ಹೇಳಿ ಮುಗಿಸಿದವರು ಅವರ ಹಿಂದೆ ಕೂಡಿಕೊಂಡರು, ಬಸ್ಸಿನವರೂ ಇಳಿದು ಬಂದರು. ಮೊದಲ ಹನ್ನೆರಡು ಜನರದು ಸೇರಿ ಹೀಗಾಯಿತು: "ಏ ಮಾಬೂ, ಸಾವಕಾಶ ಹೊಡಿಯೋ. ಹಿಂದ ಮಲಗಿದ್ದು ನಾನು, ಬುತ್ತಿ ಡಬ್ಬಿ ಅಲ್ಲ." ಎಲ್ಲರೂ ಗೊಳ್ಳೆಂದು ನಕ್ಕರು. ಮಾಬೂಸಾಬ ನಗುತ್ತ ನಗುತ್ತ ಅತ್ತುಬಿಟ್ಟ.

ಆಮೇಲೆ ಬಂತು ನನ್ನ ಹೆಸರು. "ದಾನೀ. ಏ ದಾನೀ. ಅಳಬ್ಯಾಡ, ಮೂಗು ಒರಸ್ಕೋ. ಕಲ್ಲುಸಕ್ಕರಿ ಮರತೀಯಲ್ಲ, ಚೊಲೊ ಆತು. ಇವತ್ತು ಬಾಯಿ ಮುಚ್ಚಿಸಬ್ಯಾಡ. ನೀ ನನ್ನ ಮನೀಗೆ ಬರಾಕ ಹತ್ತಿ..." ನನ್ನ ಸರದಿ. "ನಾಕು ವರ್ಷ ಆತಲ್ಲಾ" ಎಂದು ನಾನು ಹೇಳಿದೆ. ಮುಂದಿನವರು ಒಬ್ಬೊಬ್ಬರಾಗಿ ಜೋಡಿಸಿದರು: "ನನ್ನ ಮಾತೆಲ್ಲ ಕಾದಿ. ನಿಂದೊಂದು ಮಾತು ನಾ ಕೇಳಿಲ್ಲ. ಕೂತಾಗೊಮ್ಮೆ ಅಡಗಿಮನಿ ಬಾಗಲಾ ನೋಡ್ತಿ. ಯಾರ ಬರಬೇಕಬೇ ಅಲ್ಲಿಂದ? ಕೇಳಬೇಕಂತೀನಿ, ಕೇಳಿದ್ದು ಎಂಟು ತಾಸಿಗೆ ನಿನಗ ಮುಟ್ಟತದ, ನೀ 'ಏನಿಲ್ಲ ಆಯಿ' ಅಂತಿ."

ಅಷ್ಟು ಜನರ ಎದುರು ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಆದರೆ ಹೆಸರಿನ್ನೂ ಬಂದಿರಲಿಲ್ಲ. ಎಪ್ಪತ್ತು ದಾಟಿತು, ಎಂಬತ್ತು ದಾಟಿತು. "ಯೂನಿಸಮ್ಮ ಚೊಲೊ ಹೆಣ್ಮಗಳು" ಎಂದು ಬಂತು. ಮುಗಿಯಿತು ಎಂದುಕೊಂಡೆ. ಮುಂದಿನವರು ಹೇಳಿದರು: "ಆಕೀಗೆ ಗಂಡ ಅದಾನ, ಮಕ್ಕಳದಾವ, ಮಾತಾಡಾಕ ಮಂದಿ ಅದಾರ. ನಿನಗ ಯಾರದಾರ? ಹೆಸರು ಹೇಳು ಹೆಸರು ಹೇಳು ಅಂತ ಎಲ್ಲಾರೂ ಜೀವಾ ತಿಂತೀರಿ. ಈಗ ಹೇಳ್ತೀನಿ, ಕೇಳು."

ಈ ಕೊನೆಯ ಮಾತು ತೊಂಬತ್ತೊಂದನೆಯವರ ಪಾಲು. ತೊಂಬತ್ತೆರಡು ಯೂನಿಸಮ್ಮ. ಇಡೀ ಗುಂಪು ಆಕೆಯ ಕಡೆ ತಿರುಗಿತು.

ಯೂನಿಸಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು. ಆಕೆ ಏನು ಹೇಳಿದರೂ ನಾವು ನಂಬಬೇಕಿತ್ತು. ಆ ಜಾಗದಲ್ಲಿ ಬಿದ್ದ ಮಾತು ಕೇಳಿದವಳು ಆಕೆ ಒಬ್ಬಳೇ. ಅಕ್ಕೋರ ಪೆನ್ನು ಪುಸ್ತಕದ ಮೇಲೆ ನಿಂತಿತ್ತು.

"ಯೂನಿಸಮ್ಮ," ಎಂದರು ಅಕ್ಕೋರು ಮೆಲ್ಲಗೆ, "ದೇವರ ಕೆಲಸ."

"ಗೊತ್ತೈತ್ರೀ ಅಕ್ಕೋರ. ಅದಕ್ಕಽ ಗಂಟಲ ಹಿಡದೈತಿ." ಆಕೆ ನನ್ನ ಕಡೆ ತಿರುಗಿದಳು. ದೊಡ್ಡ ಕಣ್ಣು ತುಂಬಿದ್ದವು. "'ನನಗ ಕಿವಿ ಬ್ಯಾಡ' ಅಂದ್ಲು. ಇಷ್ಟಽ ಹೇಳಿ ಬಿಡಬೇಕಂತ ಮಾಡಿದ್ದೆ ನಾ. ಗುಡ್ಡಕ್ಕ ಹೋದ್ರೂ ಶುಕ್ರವಾರ ನನ್ನ ಪಾಲಿಗಿರತಾಳ ಅಂತ. ದೇವರು ಕ್ಷಮಿಸಲಿ. ಇನ್ನೂ ಐತಿ. 'ನನಗ ಕಿವಿ ಬ್ಯಾಡ. ನಾನಽ ನಿನ್ನ ಕಿವಿ' ಅಂದ್ಲು, ದಾನಮ್ಮ."

"'ಆಗತೀನಿ'" ಎಂದರು ತೊಂಬತ್ಮೂರನೆಯವರು, ಕೂಗಿಯೇ ಬಿಟ್ಟರು.

"'ಮಾತಾಡು'" ಎಂದರು ಮುಂದಿನವರು. ಅವರ ಮುಂದಿನವರಿಗೂ ಅದೇ, "ಮಾತಾಡು." ನೂರಾ ಎರಡರಿಂದ ಟಾಕಿಯ ತನಕ ನಿಂತವರಿಗೆ ಬರೀ ಉಸಿರು ಕೇಳಿಸಿತ್ತು.

ಎಂಬತ್ತೆಂಟರ ಮುದುಕಿ ನಲವತ್ತಾರರವಳ ಕಿವಿಯಾಗುವುದು ನಮ್ಮೂರಲ್ಲಿ ಯಾರೂ ಕೇಳಿದ್ದಲ್ಲ. ಮಠದವರೊಬ್ಬರು ಮೆಲ್ಲಗೆ ಶುರುಮಾಡಿದರು, "ಅಲ್ರೀ, ಕಿವಿ ಅಂದ್ರ ಸಣ್ಣವರಿರಬೇಕಲ್ಲ, ದೊಡ್ಡವರು ಹೆಂಗ..." ಅಕ್ಕೋರು ಪುಸ್ತಕ ಮುಚ್ಚಿದರು. "ಎಲ್ಲಿ ಐತಿ ಹಂಗಂತ? ವಯಸ್ಸಿನ ಮಾತು ಯಾರು ಹೇಳ್ಯಾರ? ಬಾಯಿಂದ ಹೇಳ್ಯಾಳ, ನೂರಾ ಹತ್ತು ಮಂದಿ ಕೇಳೀರಿ. ಕಿವಿ ಆದವರು ಒಂದಽ ಸೂರಿನಾಗ ಇರಬೇಕು. ಆಯಿ ಇನ್ನ ದಾನಮ್ಮನ ಮನ್ಯಾಗ. ಗುಡ್ಡದ ಗಾಡಿ ಬರೂದು ಬ್ಯಾಡ."

ಗುಂಪು ಹೋ ಎಂದು ಕೂಗಿತು. ಗಿರಣಿಯವನು ಕಂಡಕ್ಟರನ್ನು ತಬ್ಬಿಕೊಂಡು ಅವನ ಖಾಕಿ ಅಂಗಿಯೆಲ್ಲ ಬಿಳಿ ಮಾಡಿದ. ಯೂನಿಸಮ್ಮ ನನ್ನ ಎರಡೂ ಕೆನ್ನೆ ಹಿಡಿದು ಹಣೆಗೆ ಮುತ್ತು ಕೊಟ್ಟಳು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ಆ ದೇವರಿಗೇ ಗೊತ್ತು.

"ಆದರ ದಾನಮ್ಮ," ಅಕ್ಕೋರು ಕೊಡೆಯ ತುದಿ ನನ್ನ ಕಡೆ ಚಾಚಿದರು, "ಕಿವಿ ಕೊಟ್ಟವರು ತಮ್ಮ ಕೆಲಸ ಮಾಡ್ಯಾರ. ನೀ ಮಾತಾಡಲಿಲ್ಲಂದ್ರ ಅವರು ಕಿವಿ ಹೆಂಗಾದ್ರು? ಇವತ್ತಽ ಮಾತಾಡಬೇಕು ನೀ. ಬಾಯಿ ಒಳಗ ತಗೊಂಡು ಹೋಗು."

ಇಡೀ ಮೆರವಣಿಗೆ ಆಸ್ಪತ್ರೆಗೆ ಹೊರಟಿತು. ಗೇಟಿನ ಹತ್ತಿರ ಎಲ್ಲರನ್ನೂ ತಡೆದು ನನ್ನೊಬ್ಬಳನ್ನು ಒಳಗೆ ಬಿಟ್ಟರು. ಆಯಿ ಎಚ್ಚರವಾಗಿದ್ದಳು. ಒಂದು ಕಣ್ಣು ಅರ್ಧ ಮುಚ್ಚಿತ್ತು, ಬಾಯಿ ವಾಲಿತ್ತು. ಇನ್ನೊಂದು ಕಣ್ಣು ಮಾತ್ರ ಅದೇ ಹಳೇ ಆಯಿಯದು, ನೆಟ್ಟಗೆ ನನ್ನನ್ನು ನೋಡಿತು. ನಾನು ಸ್ಟೂಲು ಎಳೆದುಕೊಂಡು ಕೂತೆ. "ಮುಟ್ಟಿತು ಆಯಿ" ಎಂದೆ. "ಎಲ್ಲಾ ಮುಟ್ಟಿತು." ಹನ್ನೊಂದು ವರ್ಷ ಮುಚ್ಚಿಟ್ಟ ಬಾಯಿ, ಒಂದೇ ಸಲ ತೆರೆ ಎಂದರೆ ಹೇಗೆ ತೆರೆಯುತ್ತದೆ? ಆಯಿ ಕಾದಳು. ನನ್ನಷ್ಟು ಚೆನ್ನಾಗಿ ಕಾದಳು.

"ನಮ್ಮವ್ವ ಅಡಗಿಮನ್ಯಾಗ ಹೋದ್ಲು ಆಯಿ" ಎಂದೆ. "ಹನ್ನೊಂದು ವರ್ಷದ ಹಿಂದ, ಮುಂಜಾನೆ ಹತ್ತಕ್ಕ. ಒಲಿ ಮುಂದ ಕೂತು ನನಗ ಏನೋ ಹೇಳಿದ್ಲು, ತುಟಿ ಆಡಿದ್ದು ನೋಡೀನಿ. ಹಂಗಽ ವಾಲಿಬಿಟ್ಲು. ಆಕೀದು ಎರಡೂವರಿ ತಾಸಿನ ತಡ. ಸೇವಾದವರನ್ನ ಕರೀಲೇನು ಅಂತ ಮಂದಿ ಕೇಳಿದ್ರು. ನಾ ಇದ್ದೀನಲ್ಲ, ಅವರ್ಯಾಕ ಅಂದೆ. ಆಮ್ಯಾಲ ಅವ್ವನ್ನ ಪಡಸಾಲಿಗೆ ತಂದು ಕುಂಡ್ರಿಸಿದ್ರು. ಭಜನಿಯವರು ಬಂದ್ರು. ತಾಳ, ಡಗ್ಗಾ, ಅಳೂದು. ನಾ ಅವ್ವನ ಕಾಲ ಹಿಡಕೊಂಡು ಕೂತಿದ್ದೆ. ನೆನಪಾಗಿ ಅಡಗಿಮನಿಗೆ ಓಡಿದಾಗ ಒಂದೂವರಿ ಆಗಿತ್ತು ಆಯಿ. ಮುಗದು ಹೋಗಿತ್ತು. ಅಲ್ಲಿ ಒಬ್ರೂ ಇರಲಿಲ್ಲ. ಅವ್ವ ಖಾಲಿ ಮನ್ಯಾಗ ಒಬ್ಬಾಕೀನಽ ಮಾತಾಡಿ ಮುಗಿಸ್ಯಾಳ. ನನಗ ಏನ್ ಹೇಳಿದ್ಲೋ ಗೊತ್ತಿಲ್ಲ."

ಈ ಮಾತು ಹೊರಗೆ ಬಂದದ್ದು ಅದೇ ಮೊದಲು. ನಾನು ಆಯಿಯ ಮಂಚಕ್ಕೆ ಹಣೆ ಕೊಟ್ಟು, ಮಕ್ಕಳು ಅಳುವ ಹಾಗೆ ಅತ್ತೆ. ಆಯಿಯ ಎಡಗೈ ತಡಕಾಡುತ್ತ ಬಂದು ನನ್ನ ತಲೆಯ ಮೇಲೆ ಕೂತಿತು. ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಒಂದು ಬೆರಳಿನಿಂದ ನೆತ್ತಿಗೆ ಕುಟುಕಿತು, ಮುಂದ ಹೇಳು ಅಂತ.

ಹೇಳಿದೆ. ಅವ್ವ ಕಲಿಸಿದ ಹೊಲಿಗೆ, ಅವ್ವನ ಸಿಟ್ಟು, ನಾನು ಮದುವೆ ಬೇಡ ಎಂದ ಕಥೆ, ಒಂದು ಬಿಟ್ಟು ಒಂದು ಬರುತ್ತಲೇ ಇತ್ತು. ಕಿಟಕಿಯ ಹೊರಗೆ ಗೇಟಿನ ಹತ್ತಿರ ಊರಿಗೂರೇ ನಿಂತಿತ್ತು. ನರ್ಸು ಒಳಗೆ ಬಂದು ಗಡಿಯಾರ ತೋರಿಸಿ, "ಭೇಟಿ ಹೊತ್ತು ಮುಗೀತು, ಹೊರಗ ನಡೀರಿ" ಎಂದಳು. ನಾನು ಏಳಲು ಹೋದೆ. ಆಯಿ ಹಿಡಿದುಕೊಂಡಿದ್ದ ನನ್ನ ಸೆರಗು ಬಿಟ್ಟು ಕೈ ಎತ್ತಿ, ನೊಣ ಓಡಿಸುವ ಹಾಗೆ ನರ್ಸಿನ ಕಡೆ ಬೀಸಿದಳು. ಮತ್ತೆ ಸೆರಗು ಹಿಡಿದುಕೊಂಡು, ಆ ಒಂದು ಕಣ್ಣನ್ನು ನನ್ನ ಬಾಯಿಯ ಮೇಲೆ ಇಟ್ಟಳು.